ಜಗಲಿಗೆ ಗಾಜಿನ ಗೋಡೆ

ಮಳೆಗಾಲವು ಮುಗಿದು ಮನೆಗಳ ದುರಸ್ತಿಯ ಕಾಲವು ಬಂದೊಡನೆ ಅನೇಕ ಸಂಸಾರಗಳಲ್ಲಿ ಒಂದು ಮಾತು ಹುಟ್ಟುವುದುಂಟು: ‘ಮುಂದಿನ ಜಗಲಿಯನ್ನು ಗಾಜು ಹಾಕಿಸಿ ಮುಚ್ಚಿಬಿಟ್ಟರೆ ಹೇಗೆ?’ ಧೂಳು ಒಳಗೆ ಬಾರದು, ಮಳೆಯ ಎರಚಲು ಹೊಡೆಯದು, ಸೊಳ್ಳೆಯ ಕಾಟ ತಪ್ಪುವುದು, ಬೆಳಕಿಗೆ ಕೊರತೆಯಿಲ್ಲದೆ ಮನೆಗೆ ಒಂದು ಕೋಣೆಯೂ ಹೆಚ್ಚುವುದು. ಪಟ್ಟಣಗಳಲ್ಲಿ ಜಗಲಿಯಿಲ್ಲದವರು ಇದೇ ಮಾತನ್ನು ಬಾಲ್ಕನಿಯ ವಿಷಯದಲ್ಲಿ ಆಡುತ್ತಾರೆ. ಈ ತಿಂಗಳು ನಾವು ಈ ವಿಚಾರವನ್ನೇ ಎತ್ತಿಕೊಂಡಿದ್ದೇವೆ. ಮುಚ್ಚಲೇ ಬಾರದೆಂದು ನಿಷೇಧಿಸುವುದು ನಮ್ಮ ಉದ್ದೇಶವಲ್ಲ. ತೆರೆದ ಜಗಲಿಯು ಇದುವರೆಗೆ ಮನೆಗೆ ಏನೇನು ಉಪಕಾರ ಮಾಡುತ್ತಿದ್ದಿತೆಂಬುದನ್ನು ಲೆಕ್ಕ ಹಾಕಿದ ಮೇಲೆಯೇ ಬಡಗಿಯನ್ನೂ ಗಾಜಿನವನನ್ನೂ ಕರೆಸಬೇಕೆಂಬುದಷ್ಟೇ ನಮ್ಮ ಅಭಿಪ್ರಾಯ.

ಮನೆಯ ಹೊರಮೈಗೆ ಸೇರಿದ ಇಂತಹ ಜಾಗಕ್ಕೆ ಸಂಸ್ಕೃತದಲ್ಲಿ ಅಲಿಂದವೆಂದು ಹೆಸರು. ಆರನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯ ವಾಸ್ತುಪ್ರಕರಣದಲ್ಲಿ ಮನೆಗಳನ್ನು ವಿಂಗಡಿಸುವಾಗ, ಅಲಿಂದವು ಯಾವ ಯಾವ ದಿಕ್ಕಿನಲ್ಲಿ ಹೇಗೆ ಸಾಗಿದೆಯೆಂಬುದನ್ನು ಲಕ್ಷಣವಾಗಿ ಹಿಡಿದಿದ್ದಾನೆ. ಸುತ್ತಲೂ ಎಡೆಬಿಡದೆ ಅಲಿಂದವಿರುವ ಮನೆಯೇ ಸರ್ವತೋಭದ್ರ. ಕಿಟಕಿಗಾದರೋ ವಾತಾಯನವೆಂಬ ಹೆಸರುಂಟು. ಗಾಳಿಯ ದಾರಿಯೆಂದು ಅದರ ಅರ್ಥ. ಬೆಳಕಿಗಿಂತ ಮೊದಲು ಗಾಳಿಯನ್ನು ನೆನೆದು ಹೆಸರಿಟ್ಟ ಹಿರಿಯರು ಸೆಕೆಯ ದೇಶದಲ್ಲಿ ಬಾಳಿದವರೆಂಬುದು ಇದರಿಂದಲೇ ವೇದ್ಯವಾಗುತ್ತದೆ.

ಜಗಲಿಯ ಉಪಕಾರಗಳಾವುವು? ಮೊದಲನೆಯದು ನೆರಳು. ಅದರ ಮಾಡು ಮನೆಯ ಗೋಡೆಯ ಮೇಲೆ ಬಿಸಿಲು ಬೀಳದಂತೆ ತಡೆಯುತ್ತದೆ. ಗೋಡೆ ಕಾಯದಿದ್ದರೆ ಕೋಣೆಯೂ ಕಾಯದು. ಎರಡನೆಯದು ಗಾಳಿ. ಹಿಂದಿನ ಕೋಣೆಗಳು ಉಸಿರಾಡುವುದು ಜಗಲಿಯ ಕಡೆಯ ಕಿಟಕಿ ಬಾಗಿಲುಗಳ ಮೂಲಕವಾಗಿಯೇ. ಮೂರನೆಯದು ಜನ. ಬೀದಿಯವರನ್ನು ಮನೆಯೊಳಕ್ಕೆ ಕರೆಯದೆ, ಬಾಗಿಲಲ್ಲಿ ನಿಲ್ಲಿಸಿಯೂ ಮಾತಾಡಿಸದೆ, ಕುಳ್ಳಿರಿಸಿ ಒಂದು ಲೋಟ ನೀರು ಕೊಡುವುದಕ್ಕೆ ತಕ್ಕ ಸ್ಥಳವೆಂದರೆ ಜಗಲಿಯೊಂದೇ. ಈ ಮೂರರಲ್ಲಿ ಯಾವುದನ್ನು ಉಳಿಸಿಕೊಳ್ಳುತ್ತೇವೆ, ಯಾವುದನ್ನು ಬಿಟ್ಟುಕೊಡುತ್ತೇವೆ ಎಂಬುದೇ ಮುಖ್ಯವಾದ ಪ್ರಶ್ನೆ.

ಇನ್ನು ಗಾಜಿನ ಸ್ವಭಾವವನ್ನು ನೋಡೋಣ. ಸೂರ್ಯನ ಬೆಳಕು ಗಾಜನ್ನು ಸುಲಭವಾಗಿ ದಾಟಿ ಒಳಗಿನ ನೆಲವನ್ನೂ ಕುರ್ಚಿಯನ್ನೂ ಕಾಯಿಸುತ್ತದೆ. ಕಾದ ಆ ವಸ್ತುಗಳು ಹೊರಸೂಸುವ ಶಾಖಕಿರಣಗಳಾದರೋ ಬೇರೆ ಜಾತಿಯವು. ಅವನ್ನು ಗಾಜು ಹೊರಕ್ಕೆ ಬಿಡದು. ಕಾದ ಗಾಳಿಗೂ ಹೊರಹೋಗಲು ದಾರಿಯಿಲ್ಲ. ಬಿಸಿಲಲ್ಲಿ ನಿಲ್ಲಿಸಿದ ಮೋಟಾರು ಕಾರಿನ ಬಾಗಿಲು ತೆಗೆದವರಿಗೆ ಇದನ್ನು ವಿವರಿಸಬೇಕಾದುದಿಲ್ಲ.

ಶೀತದೇಶಗಳಲ್ಲಿ ಈ ಗುಣವನ್ನೇ ಬೇಡಿ ಪಡೆಯುತ್ತಾರೆ. ನಮ್ಮ ವಾಚಕರಲ್ಲಿ ಅನೇಕರ ಮಕ್ಕಳು ಅಮೆರಿಕೆಯಲ್ಲಿ ನೆಲಸಿದ್ದಾರೆ. ಅಲ್ಲಿ ಮನೆಯ ಹಿಂದೆ ಮರದ ಹಲಗೆಗಳನ್ನು ಹಾಸಿ ಕಟ್ಟಿದ ‘ಡೆಕ್’ ಎಂಬ ಕಟ್ಟೆಯನ್ನು ಗಾಜಿನಿಂದ ಮುಚ್ಚಿ ‘ಸನ್‌ರೂಮ್’ ಮಾಡಿಕೊಳ್ಳುತ್ತಾರೆ. 45 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಮಿನೆಸೋಟ ಪ್ರಾಂತದಲ್ಲಿ ಡಿಸೆಂಬರಿನ ನಡುಹಗಲಿನಲ್ಲಿಯೂ ಸೂರ್ಯನು ದಿಗಂತದಿಂದ ಸುಮಾರು 21 ಡಿಗ್ರಿಯಷ್ಟು ಮಾತ್ರ ಮೇಲೇರುತ್ತಾನೆ. ದಕ್ಷಿಣದ ಗಾಜಿನಿಂದ ಹೊಕ್ಕ ಎಳೆಬಿಸಿಲು ಕೋಣೆಯ ಒಳಗೋಡೆಯವರೆಗೂ ಚಾಚುತ್ತದೆ. ಹಿಮದ ತಿಂಗಳುಗಳಲ್ಲಿ ಅದು ವೃದ್ಧರಿಗೆ ಅಮೃತಪ್ರಾಯ. ಆದರೆ ಅಲ್ಲಿಯೂ ಇದು ಸುಲಭದ ಕೆಲಸವಲ್ಲ. ಕುರ್ಚಿಗಳನ್ನೂ ಜನರನ್ನೂ ಹೊರಲು ಕಟ್ಟಿದ ಡೆಕ್ಕು ಗೋಡೆ, ಮಾಡು, ಮಾಡಿನ ಮೇಲಿನ ಹಿಮ ಇವುಗಳ ಭಾರವನ್ನು ಹೊರಲಾರದು. ನೆಲವು ಹೆಪ್ಪುಗಟ್ಟಿ ಉಬ್ಬುವುದರಿಂದ ಕಂಬಗಳ ಅಸ್ತಿಭಾರವು ಆ ಹೆಪ್ಪಿನ ಆಳಕ್ಕಿಂತ ಕೆಳಗೆ ಇಳಿದಿರಬೇಕು. ಮಿನೆಸೋಟದಲ್ಲಿ ಇದಕ್ಕೆ ಪ್ರದೇಶಾನುಸಾರವಾಗಿ 42ರಿಂದ 60 ಅಂಗುಲಗಳ ಆಳವನ್ನು ಗೊತ್ತುಮಾಡಿದ್ದಾರೆ. ಈ ಪರೀಕ್ಷೆ ನಡೆದ ಮೇಲೆಯೇ ಗಾಜಿನ ಮಾತು.

ಅಲ್ಲಿ ಮಕ್ಕಳ ಮನೆಯಲ್ಲಿ ಕೆಲವು ತಿಂಗಳಿದ್ದು ಬಂದವರು ಅಂತಹುದೇ ಕೋಣೆಯನ್ನು ಇಲ್ಲಿಯೂ ಮಾಡಿಸಬಯಸುವುದು ಸಹಜ. ಆದರೆ ಅಲ್ಲಿಯ ಪಥ್ಯವು ಇಲ್ಲಿಗೆ ಸಲ್ಲದು. ಬೆಂಗಳೂರು ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿದೆ. ಡಿಸೆಂಬರಿನ ನಡುಹಗಲಿನಲ್ಲಿಯೂ ಸೂರ್ಯನು ಇಲ್ಲಿ 53 ಡಿಗ್ರಿಗೂ ಮೇಲಿರುತ್ತಾನೆ. ಏಪ್ರಿಲ್ ಕೊನೆಯ ವಾರದಲ್ಲಿ ನೆತ್ತಿಯ ಮೇಲೆಯೇ ಬರುತ್ತಾನೆ. 2016ರ ಏಪ್ರಿಲ್ ತಿಂಗಳಲ್ಲಿ ಆ ನಗರದ ಉಷ್ಣತೆಯು 39.2 ಡಿಗ್ರಿಗೆ ಏರಿದ್ದಿತು. ನಮ್ಮಲ್ಲಿ ಬಿಸಿಲನ್ನು ಕೂಡಿಡಬೇಕಾದ ಕಾಲ ಅತ್ಯಲ್ಪ, ತಡೆಯಬೇಕಾದ ಕಾಲವೇ ಹೆಚ್ಚು.

ಆದಕಾರಣ ಮೊದಲು ದಿಕ್ಕನ್ನು ನೋಡತಕ್ಕದ್ದು. ಉತ್ತರದ ಜಗಲಿಗೆ ಗಾಜು ಹಾಕಿದರೆ ಬಾಧೆ ಕಡಿಮೆ. ಓದುವುದಕ್ಕೂ ಹೊಲಿಗೆಗೂ ಏಕರೀತಿಯ ಬೆಳಕು ದೊರೆಯುತ್ತದೆ. ಪೂರ್ವದ್ದೂ ಒಳ್ಳೆಯದೇ, ಬೆಳಗಿನ ಬಿಸಿಲು ಒಂಬತ್ತು ಹತ್ತು ಗಂಟೆಯವರೆಗೆ ಹಿತವಾಗಿದ್ದು ಬಳಿಕ ತಾನೇ ಮೇಲಕ್ಕೆ ಸರಿಯುತ್ತದೆ. ದಕ್ಷಿಣದ ಗಾಜಿಗೆ ಮೇಲೊಂದು ಸಜ್ಜವಿರಬೇಕು. ಎರಡು ಅಡಿ ಚಾಚಿದ ಸಜ್ಜವು ಬೆಂಗಳೂರಿನಲ್ಲಿ ಮಾರ್ಚ್ 21ರ ನಡುಹಗಲಿನಲ್ಲಿ ಎಂಟು ಅಡಿಗೂ ಮಿಕ್ಕ ಗಾಜಿಗೆ ನೆರಳು ಕೊಡುತ್ತದೆ; ಡಿಸೆಂಬರಿನಲ್ಲಾದರೋ ಎರಡೂ ಮುಕ್ಕಾಲು ಅಡಿಯಷ್ಟಕ್ಕೆ ಮಾತ್ರ. ಅಂದರೆ ಬೇಕಾದ ಚಳಿಗಾಲದ ಬಿಸಿಲನ್ನು ಒಳಗೆ ಬಿಟ್ಟು ಬೇಡವಾದುದನ್ನು ಅದು ತಾನಾಗಿ ತಡೆಯುತ್ತದೆ. ಪಶ್ಚಿಮವೊಂದೇ ಕಷ್ಟಕರ. ಸಂಜೆಯ ಸೂರ್ಯನು ಕೆಳಗಿಳಿದು ನೇರವಾಗಿ ಮುಖಕ್ಕೆ ಹೊಡೆಯುವುದರಿಂದ ಯಾವ ಸಜ್ಜವೂ ಅವನನ್ನು ತಡೆಯಲಾರದು. ಬೆಂಗಳೂರಿನ ಹಳೆಯ ಬಂಗಲೆಗಳಲ್ಲಿ ‘ಮಂಕಿ ಟಾಪ್’ ಎಂದು ಕರೆಯುವ ಮರದ ಪಟ್ಟಿಗಳ ಜಾಲರಿಯ ಮರೆಯನ್ನು ವಾಚಕರು ನೋಡಿರಬಹುದು. ಬಿಸಿಲನ್ನು ಗಾಜಿಗಿಂತ ಹೊರಗೇ ನಿಲ್ಲಿಸಬೇಕೆಂಬ ತತ್ತ್ವವನ್ನು ಅದರಿಂದ ಕಲಿಯಬಹುದು. ಒಳಗೆ ಇಳಿಬಿಟ್ಟ ಪರದೆಯು ಕಣ್ಣಿಗೆ ಮರೆಯಾದೀತು. ಶಾಖವು ಆಗಲೇ ಒಳಗೆ ಬಂದುಬಿಟ್ಟಿರುತ್ತದೆ.

ನಮ್ಮಲ್ಲಿ ಓದಿದವರೊಬ್ಬರು ಮೈಸೂರಿನಲ್ಲಿ ತಮ್ಮ ಮನೆಯ ಪಶ್ಚಿಮದ ಜಗಲಿಯನ್ನು ಹೀಗೆಯೇ ಮುಚ್ಚಿಸಿದರು. ಎಂಬತ್ತು ದಾಟಿದ ತಂದೆಯವರಿಗೆ ಧೂಳು ತಗುಲಬಾರದೆಂಬುದು ಅವರ ಸದುದ್ದೇಶ. ಗುತ್ತಿಗೆದಾರನು ಅಗಲವಾದ ಗಾಜುಗಳನ್ನು ತೆರೆಯಲು ಬಾರದಂತೆ ಕೂಡಿಸಿಹೋದನು. ಅದುವರೆಗೆ ಆ ಹಿರಿಯರು ನಾಲ್ಕು ಗಂಟೆಗೆ ಆರಾಮಕುರ್ಚಿಯಲ್ಲಿ ಕುಳಿತರೆಂದರೆ ದೀಪ ಹಚ್ಚುವವರೆಗೂ ಏಳುತ್ತಿರಲಿಲ್ಲ. ಸೊಪ್ಪು ಮಾರುವಾಕೆ, ಶಾಲೆ ಬಿಟ್ಟ ಮಕ್ಕಳು, ಎದುರು ಮನೆಯವರು, ಎಲ್ಲರೂ ಅವರೊಡನೆ ಎರಡು ಮಾತಾಡಿಯೇ ಮುಂದೆ ಹೋಗುವರು. ಗಾಜು ಬಂದ ಮೇಲೆ ನಾಲ್ಕು ಗಂಟೆಗೆ ಅಲ್ಲಿ ಕುಳಿತುಕೊಳ್ಳುವುದೇ ದುಸ್ತರವಾಯಿತು. ತಂಪಿನ ಯಂತ್ರ ಬಂದಿತು. ಅದಕ್ಕಾಗಿ ದಪ್ಪನೆಯ ಪರದೆ ಬಂದಿತು. ಪರದೆಯಿಂದ ಬೀದಿಯೇ ಮರೆಯಾಯಿತು. ಹಿರಿಯರು ಒಳಕೋಣೆಗೆ ಸರಿದರು. ಅವರಿಗೆ ಕಾಯಿಲೆಯೆಂದು ಬಗೆದು ನೆರೆಯವರು ಕ್ಷೇಮ ವಿಚಾರಿಸಲು ಬಂದಾಗಲೇ ಮಗನಿಗೆ ಸಂಗತಿ ತಿಳಿದುದು. ಅವರು ತಡಮಾಡದೆ ಗಾಜುಗಳನ್ನು ಬಿಚ್ಚಿಸಿ, ಬಾಗಿಲಿನಂತೆ ತೆರೆಯುವ ರೆಕ್ಕೆಗಳನ್ನು ಮಾಡಿಸಿ, ಹೊರಗಡೆ ಸುತ್ತಿ ಇಳಿಬಿಡುವ ಬಿದಿರಿನ ಪರದೆಗಳನ್ನು ಕಟ್ಟಿಸಿದರು. ಈಗ ಐದೂವರೆಯ ಮೇಲೆ ಪರದೆ ಏರುತ್ತದೆ, ರೆಕ್ಕೆಗಳು ತೆರೆಯುತ್ತವೆ, ಕುರ್ಚಿ ತನ್ನ ಹಳೆಯ ಸ್ಥಾನದಲ್ಲಿದೆ. ಖರ್ಚು ಎರಡು ಸಲವಾದುದೊಂದೇ ನಷ್ಟ.

ಈ ಉಪಾಯವೇನೂ ಹೊಸದಲ್ಲ. ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯಂತಹ ಊರುಗಳಿರುವ ಮಲೆನಾಡಿನಲ್ಲಿ ಜಗಲಿಯನ್ನು ಮುಚ್ಚುವ ಪದ್ಧತಿ ಹಿಂದಿನಿಂದಲೂ ಇದೆ. ಮಳೆಗಾಲಕ್ಕೆ ಮುಂಚೆ ಅಡಕೆಯ ಸೋಗೆಯ ತಟ್ಟಿಗಳನ್ನು ಹೆಣೆದು ಎರಚಲು ಹೊಡೆಯುವ ಕಡೆಗೆ ಕಟ್ಟುತ್ತಾರೆ. ಮಳೆ ಹೋದ ಮೇಲೆ ಬಿಚ್ಚುತ್ತಾರೆ. ಜಗಲಿಯು ನಾಲ್ಕು ತಿಂಗಳು ಕೋಣೆಯಾಗಿದ್ದು ಉಳಿದ ತಿಂಗಳುಗಳಲ್ಲಿ ಮತ್ತೆ ಜಗಲಿಯಾಗುತ್ತದೆ. ಸೋಗೆಯ ಬದಲು ಗಾಜನ್ನು ಬಳಸಿದರೂ ಈ ವಿವೇಕವನ್ನು ಬಿಡಬೇಕಾದ ಕಾರಣವಿಲ್ಲ. ಮುಚ್ಚುವುದೆಲ್ಲವೂ ತೆರೆಯುವಂತಿರಬೇಕು, ಇದೇ ನಮ್ಮ ಸಲಹೆಯ ಸಾರ.

ಇದನ್ನು ಕಾರ್ಯಕ್ಕೆ ತರುವ ಬಗೆ ಹೇಗೆಂದರೆ— ಪಕ್ಕಕ್ಕೆ ಸರಿಯುವ ಎರಡು ಹಲಗೆಗಳ ಕಿಟಕಿಯು ಎಷ್ಟು ತೆರೆದರೂ ಅರ್ಧವೇ ತೆರೆಯುವುದು. ಬಾಗಿಲಿನಂತೆ ತೆರೆಯುವುದು ಅಥವಾ ಮಡಿಚಿಕೊಳ್ಳುವುದು ಬಹುಮಟ್ಟಿಗೆ ಪೂರ್ತಿ ತೆರೆಯುವುದು. ಬೆಲೆ ಕೇಳುವಾಗ ಗಾಜು ಎಷ್ಟು ಚದರಡಿಯೆಂದು ಕೇಳುವುದರೊಡನೆ, ತೆರಪು ಎಷ್ಟು ಚದರಡಿಯೆಂದೂ ಕೇಳಬೇಕು. ನ್ಯಾಷನಲ್ ಬಿಲ್ಡಿಂಗ್ ಕೋಡಿನ 2005ರ ಆವೃತ್ತಿಯು ಸೆಕೆಯೂ ತೇವವೂ ಕೂಡಿದ ಪ್ರದೇಶಗಳಲ್ಲಿ ನೆಲದ ವಿಸ್ತಾರದ 1/6ರಷ್ಟು, ಒಣಸೆಕೆಯ ಪ್ರದೇಶಗಳಲ್ಲಿ 1/10ರಷ್ಟು ತೆರಪನ್ನು ಹೇಳಿದ್ದಿತು. ಮಂಗಳೂರಿನ ಕಡೆಯವರು ಮೊದಲನೆಯದನ್ನೂ ಕಲಬುರಗಿಯ ಕಡೆಯವರು ಎರಡನೆಯದನ್ನೂ ಹಿಡಿಯಬಹುದು. ಆದರೆ ಲೆಕ್ಕವನ್ನು ಜಗಲಿಗೆ ಮಾತ್ರ ಹಾಕಿದರೆ ಸಾಲದು. ಅದರ ಮೂಲಕ ಉಸಿರಾಡುವ ಹಿಂದಿನ ಕೋಣೆಯನ್ನೂ ಸೇರಿಸಿಕೊಳ್ಳಬೇಕು. ಜಗಲಿ 60 ಚದರಡಿ, ಕೋಣೆ 120 ಚದರಡಿ ಇದ್ದರೆ ಕರಾವಳಿಯಲ್ಲಿ 30 ಚದರಡಿ ತೆರಪು ಬೇಕೆಂದಾಯಿತು. ಕಾದ ಗಾಳಿ ಮೇಲಕ್ಕೇರುವುದರಿಂದ ಸೂರಿನ ಬಳಿಯಲ್ಲಿಯೂ ಒಂದಿಷ್ಟು ತೆರಪಿರಲಿ; ಎಲ್ಲಕ್ಕೂ ಸೊಳ್ಳೆಯ ಬಲೆ ಇರಲಿ.

ಭಾರದ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ನೆಲದ ಮೇಲಿನ ಕಲ್ಲಿನ ಜಗಲಿಗೆ ಚಿಂತೆಯಿಲ್ಲ. ಗೋಡೆಯಿಂದ ಹೊರಕ್ಕೆ ಚಾಚಿ ನಿಂತ ಕಾಂಕ್ರೀಟಿನ ಬಾಲ್ಕನಿಯ ಮಾತು ಬೇರೆ. ಆರು ಮಿಲಿಮೀಟರು ದಪ್ಪದ ಗಾಜು ಚದರ ಮೀಟರಿಗೆ 15 ಕಿಲೋ ತೂಗುತ್ತದೆ. ಹತ್ತು ಅಡಿ ಉದ್ದ ನಾಲ್ಕು ಅಡಿ ಎತ್ತರದ ಗಾಜು ಐವತ್ತಾರು ಕಿಲೋದಷ್ಟಾಯಿತು. ಆದರೆ ಅದರ ಕೆಳಗೆ ಮೇಸ್ತ್ರಿಯು ‘ಭದ್ರವಾಗಿರಲಿ’ ಎಂದು ಎಬ್ಬಿಸುವ ಮೂರು ಅಡಿ ಎತ್ತರದ, ನಾಲ್ಕೂವರೆ ಅಂಗುಲದ ಇಟ್ಟಿಗೆಯ ಗೋಡೆಯು ಅಷ್ಟೇ ಉದ್ದಕ್ಕೆ ಸುಮಾರು 600 ಕಿಲೋ ತೂಗುತ್ತದೆ. ಚಾಚಿದ ಹಾಸಿನ ತುದಿಯಲ್ಲಿಟ್ಟ ಭಾರವು ಬುಡದಲ್ಲಿಟ್ಟ ಭಾರಕ್ಕಿಂತ ಬಹುಪಾಲು ಹೆಚ್ಚು ಜಗ್ಗುತ್ತದೆ. ಅಲ್ಲದೆ ಇಂತಹ ಹಾಸಿನಲ್ಲಿ ಬಲವನ್ನು ಹೊರುವ ಕಬ್ಬಿಣದ ಸರಳುಗಳು ಮೇಲ್ಭಾಗದಲ್ಲಿರುವುದರಿಂದ ನೆಲವನ್ನು ಕಂಡಕಂಡಲ್ಲಿ ಕೊರೆಯುವುದೂ ಅಪಾಯಕರ. ಎಂಜಿನಿಯರು ನೋಡಿ ಒಪ್ಪದ ಹೊರತು ಕೆಲಸವನ್ನು ಆರಂಭಿಸಲಾಗದು.

ಗಾಜಿನಲ್ಲಿಯೂ ಜಾತಿಗಳುಂಟು. ಟಫನ್ಡ್ ಗಾಜು ಒಡೆದರೆ ಮೊಂಡಾದ ಸಣ್ಣ ಹರಳುಗಳಾಗುತ್ತದೆ. ಒಮ್ಮೆ ಹದಗೊಂಡ ಮೇಲೆ ಅದನ್ನು ಕತ್ತರಿಸಲೂ ಕೊರೆಯಲೂ ಬಾರದಾದುದರಿಂದ ಅಳತೆಯು ಮೊದಲೇ ಸರಿಯಾಗಿರಬೇಕು. ಲ್ಯಾಮಿನೇಟೆಡ್ ಗಾಜು ನಡುವೆ ಪದರವುಳ್ಳದ್ದಾಗಿ, ಒಡೆದರೂ ಉದುರದೆ ಅಂಟಿಕೊಂಡಿರುತ್ತದೆ. ತಲೆಯ ಮೇಲೆ ಹಾಕುವುದಾದರೆ ಇದೇ ಯೋಗ್ಯ. ಆದರೆ ನಮ್ಮ ಬಿಸಿಲಿಗೆ ಮಾಡು ಹೆಂಚಿನದಾಗಿದ್ದು ಗಾಜು ಪಕ್ಕಗಳಲ್ಲಿ ಮಾತ್ರವಿರುವುದೇ ಮೇಲು. ಜಗಲಿಯ ನೆಲಕ್ಕೆ ಹೊರಗಡೆಗೆ ಇರುವ ಇಳಿಜಾರನ್ನೂ ನೀರು ಹೋಗುವ ಕಂಡಿಯನ್ನೂ ಚೌಕಟ್ಟು ಕೂಡಿಸುವಾಗ ಮುಚ್ಚಬಾರದು.

ಇನ್ನೊಂದು ಮಾತನ್ನು ಗೃಹಿಣಿಯರು ವಿಶೇಷವಾಗಿ ಗಮನಿಸಬೇಕೆಂದು ಪ್ರಾರ್ಥಿಸುತ್ತೇವೆ. ಪಟ್ಟಣದ ಮನೆಗಳಲ್ಲಿ ಅಡುಗೆಮನೆಯ ಹಿಂದಿನ ಬಾಲ್ಕನಿಯಲ್ಲಿ ಗ್ಯಾಸ್ ಗೀಸರನ್ನೂ ಸಿಲಿಂಡರನ್ನೂ ಇಡುವುದುಂಟು. ಅಲ್ಲಿ ಗಾಳಿ ಆಡುತ್ತಿರುವವರೆಗೆ ಬಾಧಕವಿಲ್ಲ. ಅದನ್ನು ಮುಚ್ಚಿದ ಕ್ಷಣದಿಂದ ಸ್ಥಿತಿಯೇ ಬದಲಾಗುತ್ತದೆ. ಗಾಳಿ ಸಾಲದೆ ಉರಿಯುವ ಗ್ಯಾಸಿನಿಂದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವಾಯು ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸೋರಿದ ಗ್ಯಾಸು ಗಾಳಿಗಿಂತ ಭಾರವಾದುದರಿಂದ ನೆಲದಲ್ಲಿಯೇ ನಿಲ್ಲುತ್ತದೆ. ಗೀಸರನ್ನೂ ಸಿಲಿಂಡರನ್ನೂ ಬೇರೆ ತೆರೆದ ಜಾಗಕ್ಕೆ ಸಾಗಿಸಲಾಗದಿದ್ದರೆ ಆ ಬಾಲ್ಕನಿಯನ್ನು ಮುಚ್ಚಲೇಕೂಡದು. ನಾವು ನಿಷೇಧವೆಂದು ಹೇಳುವುದು ಇದೊಂದನ್ನೇ.

ಹಲವರು ಕೂಡಿ ವಾಸಿಸುವ ಕಟ್ಟಡಗಳಲ್ಲಿ ನೆರೆಯವರ ಒಪ್ಪಿಗೆಯೂ ಅವಶ್ಯ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನದ ಕಾಯಿದೆಯಲ್ಲಿಯೇ, ಕಟ್ಟಡದ ಭದ್ರತೆಗೆ ಧಕ್ಕೆ ತರುವ ಕೆಲಸವನ್ನು ಇತರ ಎಲ್ಲ ಒಡೆಯರ ಸಮ್ಮತಿಯಿಲ್ಲದೆ ಮಾಡಬಾರದೆಂದು ವಿಧಿಸಲಾಯಿತು. ನಗರಸಭೆಯ ನಿಯಮವನ್ನೂ ಕಚೇರಿಯಲ್ಲಿ ಕೇಳಿ ತಿಳಿಯುವುದು ಒಳ್ಳೆಯದು. ಕಟ್ಟಿದ ಮೇಲೆ ಕೆಡವುವ ಪ್ರಸಂಗ ಯಾರಿಗೂ ಬೇಡ.

ಕೊನೆಯದಾಗಿ ಖರ್ಚಿಲ್ಲದ ಒಂದು ಪರೀಕ್ಷೆಯನ್ನು ಸೂಚಿಸುತ್ತೇವೆ. ಗಾಜಿಗೆ ಮುಂಗಡ ಕೊಡುವ ಮೊದಲು ಒಂದು ವಾರ ಕಾಲ, ಜಗಲಿಯಲ್ಲಿ ಯಾರು ಯಾವ ಹೊತ್ತಿಗೆ ಕುಳಿತರು, ಬಿಸಿಲು ಎಲ್ಲಿಯವರೆಗೆ ಬಂದಿತು, ಗಾಳಿ ಯಾವ ಕಡೆಯಿಂದ ಬೀಸಿತು, ಹೊರಗಿನವರಾರು ಬಂದು ಹೋದರು ಎಂಬುದನ್ನು ಮನೆಯ ಹುಡುಗರ ಕೈಯಲ್ಲಿ ಬರೆಯಿಸಿಡಿರಿ. ಏಳು ದಿನಗಳ ಆ ಪಟ್ಟಿಯನ್ನು ಎದುರಿಗಿಟ್ಟುಕೊಂಡು ಮನೆಯವರೆಲ್ಲರೂ, ಮುಖ್ಯವಾಗಿ ಅಲ್ಲಿ ಹೆಚ್ಚು ಹೊತ್ತು ಕುಳಿತುಕೊಳ್ಳುವ ಹಿರಿಯರು, ಕಲೆತು ವಿಚಾರ ಮಾಡಿರಿ. ಯಾವ ಪಕ್ಕವನ್ನು ಮುಚ್ಚಬೇಕು, ಯಾವುದನ್ನು ಹಾಗೆಯೇ ಬಿಡಬೇಕು ಎಂಬುದು ಆ ಕಾಗದದಿಂದಲೇ ಗೊತ್ತಾದೀತು.