ಬೈಗುಳದ ಅನುವಾದಕ್ಕೂ ತಕ್ಕಡಿ ಬೇಕು

2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಡಬ್ಬಿಂಗ್ ತಡೆಯುವವರ ವಿರುದ್ಧ ತೀರ್ಪು ನೀಡಿದ ತರುವಾಯ ಪರಭಾಷಾ ಚಿತ್ರಗಳು ಕನ್ನಡದಲ್ಲಿ ಬರುವುದು ಹೆಚ್ಚಿತು. ಅವುಗಳೊಡನೆ ಇಂಗ್ಲಿಷಿನ ಬೈಗುಳಗಳೂ ರಾಜಾಜಿನಗರ, ವಿಜಯನಗರಗಳ ಮನೆಯೊಳಗೆ ಕನ್ನಡದ ವೇಷ ಧರಿಸಿ ಬರುತ್ತಿವೆ.

'ಬಾಸ್ಟರ್ಡ್' ಎಂಬುದನ್ನೇ ಪರಿಶೀಲಿಸಬಹುದು. ಮೂಲದಲ್ಲಿ ಅದು ವಿವಾಹಬಾಹ್ಯ ಜನನವನ್ನು ಸೂಚಿಸುವ ಶಬ್ದ. ಇಂದು ಕೋಪದಿಂದಲೂ, ಗೆಳೆಯರ ಸಲುಗೆಯಿಂದಲೂ, ಕನಿಕರದಿಂದಲೂ ಅದನ್ನು ಆಡುವುದುಂಟು. ಇಷ್ಟಕ್ಕೂ 'ಮುಂಡೇಮಗ' ಎಂದು ಬರೆದರೆ ಆಗುವುದೇನು? ಮುಂಡೆ ಎಂದರೆ ವಿಧವೆ. ಇಂಗ್ಲಿಷ್ ಪದವೂ ತಾಯಿಗೆ ಕಳಂಕ ಹೊರಿಸುತ್ತದೆ, ನಿಜ. ಆದರೆ ವೈಧವ್ಯವನ್ನು ಅಪರಾಧವೆನ್ನುವುದಿಲ್ಲ. ಗಂಡನನ್ನು ಕಳೆದುಕೊಂಡವಳ ಅಪಮಾನವು ಅನುವಾದಕನೇ ಸೇರಿಸಿದ ಸರಕು.

ಬಳಕೆಯಲ್ಲಿ ಅರ್ಥ ಸವೆದುಹೋಗಿದೆ ಎಂಬ ಸಮರ್ಥನೆ ಉಂಟು. ಸವೆದಿರುವುದು ಬೈಯುವವನ ಪಾಲಿಗೆ. ಕೇಳುವ ವಿಧವೆಯ ಪಾಲಿಗಲ್ಲ.

ಮತ್ತೆ ಕೆಲವರು ಎಲ್ಲ ಬೈಗುಳಗಳನ್ನೂ 'ಮೂರ್ಖ' ಎಂದು ತೊಳೆದುಬಿಡುತ್ತಾರೆ. ಅದೂ ಸಲ್ಲದು. ದುಷ್ಟನ ಬಾಯಿಯನ್ನು ಶುಚಿಗೊಳಿಸಿ ತೋರಿಸುವುದು ಅಸತ್ಯವೇ.

ಕೊಡುವಾಗ ಕಡಿಮೆ, ಕೊಳ್ಳುವಾಗ ಹೆಚ್ಚು ತೂಗುವ ಹೀನಾಧಿಕ ಮಾನೋನ್ಮಾನವನ್ನು ತತ್ತ್ವಾರ್ಥಸೂತ್ರವು ಅಚೌರ್ಯವ್ರತದ ಅತಿಚಾರಗಳಲ್ಲಿ ಎಣಿಸಿದೆ. ಶಬ್ದ ತೂಗುವವನಿಗೂ ಈ ನಿಯಮ ಅನ್ವಯಿಸಬೇಕು. ಕೋಪಕ್ಕೆ 'ನೀಚ', 'ಅಯೋಗ್ಯ', ಸಲುಗೆಗೆ 'ಖದೀಮ', ಕನಿಕರಕ್ಕೆ 'ಪಾಪದವನು' ಎಂಬ ಮಾತುಗಳು ಕನ್ನಡದಲ್ಲಿಯೇ ಇವೆ. ಸಂದರ್ಭವನ್ನು ನೋಡಿ ಆರಿಸುವ ಶ್ರಮವಷ್ಟೇ ಬೇಕು. ಆ ಶ್ರಮವನ್ನು ಉಳಿಸಿಕೊಳ್ಳಲು ನಿರಪರಾಧಿ ಸ್ತ್ರೀಯ ಮಾನವನ್ನು ತಕ್ಕಡಿಗೆ ಹಾಕುವುದು ಅನುವಾದವಲ್ಲ, ಹಿಂಸೆ.