ಹೆಸರು ಹೋದರೆ ರುಚಿಯೂ ಹೋಯಿತು!



ಶನಿವಾರ ಬಂತೆಂದರೆ ಬ್ಯಾಗು ಹೆಗಲಿಗೇರಿಸಿ ಗೋಕರ್ಣಕ್ಕೋ ಗೋವಾಕ್ಕೋ ಹೊರಡುವವರು ನೀವು. ಹೊರಡಿ, ಬೇಡ ಅನ್ನುವವರು ಯಾರು? ಆದರೆ ಒಂದು ಪ್ರಶ್ನೆಗೆ ಉತ್ತರ ಕೊಡಿ. ಭಟ್ಕಳದಿಂದ ಹೊನ್ನಾವರಕ್ಕೆ ಸುಮಾರು 40 ಕಿಲೋಮೀಟರ್, ಅಲ್ಲಿಂದ ಕುಮಟಾಕ್ಕೆ ಇನ್ನೊಂದು 20. ಈ ದಾರಿಯಲ್ಲಿ ನೀವು ತಿಂದದ್ದೇನು? ಗೋಬಿ ಮಂಚೂರಿ, ಫ್ರೈಡ್ ರೈಸ್, ಪನೀರ್ ಬಟರ್ ಮಸಾಲಾ! ಇದಕ್ಕೆ ಘಟ್ಟ ಇಳಿಯಬೇಕಿತ್ತೇ? ಮೆಜೆಸ್ಟಿಕ್‌ನಲ್ಲೇ ಸಿಗುತ್ತಿರಲಿಲ್ಲವೇ?

ಕನ್ನಡದ ಪತ್ರಿಕೆಗೆ ತಿಂಡಿಯ ಗೊಡವೆ ಯಾಕೆ ಎಂದು ಹುಬ್ಬೇರಿಸಬೇಡಿ. ನುಡಿ ಇರುವುದು ನಾಲಿಗೆಯ ಮೇಲೆ. ರುಚಿ ಇರುವುದೂ ಅಲ್ಲೇ. ಒಂದು ಹೋದರೆ ಇನ್ನೊಂದು ಉಳಿಯುವುದಿಲ್ಲ.

ಭಟ್ಕಳದಿಂದಲೇ ಶುರು ಮಾಡೋಣ. ಈ ಊರಿನ ಹೆಸರು ಕೇಳಿದರೆ ಟೀವಿಯವರಿಗೆ ಗಲಾಟೆ ಮಾತ್ರ ನೆನಪಾಗುತ್ತದೆ. ನಮಗೆ ಬೇರೆಯದು ನೆನಪಾಗಬೇಕು. ಇದೇ ತಾಲೂಕಿನ ಹಾಡುವಳ್ಳಿ ಮಠದ ಶಿಷ್ಯ ಭಟ್ಟಾಕಳಂಕ 1604ರಲ್ಲಿ ಕನ್ನಡಕ್ಕೆ ‘ಕರ್ನಾಟಕ ಶಬ್ದಾನುಶಾಸನ’ ಎಂಬ ವ್ಯಾಕರಣ ಬರೆದ. ಇದೇ ಊರಲ್ಲಿ ನವಾಯತರು ಕೊಂಕಣಿಯ ನಂಟಿನ, ಅರಬಿ-ಪಾರಸಿ ಪದ ಬೆರೆತ ತಮ್ಮದೇ ನುಡಿಯನ್ನು ಕಾಪಾಡಿಕೊಂಡಿದ್ದಾರೆ. ಅವರ ಬಿರಿಯಾನಿ ನೋಡಿ. ಧಾರಾಳ ಈರುಳ್ಳಿ ಬಿದ್ದ ಮಸಾಲೆ ಅಡಿಯಲ್ಲಿ, ಅನ್ನ ಮೇಲೆ. ಹೈದರಾಬಾದಿನದ್ದೂ ಅಲ್ಲ, ಲಖನೌದ್ದೂ ಅಲ್ಲ. ಅದರ ಹೆಸರಲ್ಲೇ ಊರಿದೆ: ಭಟ್ಕಳ ಬಿರಿಯಾನಿ. ಅದಕ್ಕೇ ಅದು ಬೆಂಗಳೂರಿಗೂ ಬಂತು, ದುಬೈಗೂ ಹೋಯಿತು. ರಂಜಾನ್ ತಿಂಗಳ ಪೇಟೆಯಲ್ಲಿ ನಿಂತು ನೋಡಿ, ಕೊಳ್ಳುವವರಲ್ಲಿ ಎಲ್ಲ ಜಾತಿ, ಎಲ್ಲ ಧರ್ಮದವರೂ ಇರುತ್ತಾರೆ.

ಹೊನ್ನಾವರಕ್ಕೆ ಬನ್ನಿ. ಶರಾವತಿ ಕಡಲು ಸೇರುವ ಊರು. ಇದೇ ಹೊಳೆಯ ಮೇಲ್ದಂಡೆಯ ಗೇರುಸೊಪ್ಪೆಯಿಂದ ಆಳಿದ ಚೆನ್ನಭೈರಾದೇವಿಯನ್ನು 16ನೇ ಶತಮಾನದಲ್ಲಿ ಪೋರ್ಚುಗೀಸರು ‘ಕಾಳುಮೆಣಸಿನ ರಾಣಿ’ ಎಂದು ಕರೆದರು. ಇಲ್ಲಿಯ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಯಕ್ಷಗಾನ ಮಂಡಳಿ ಇಂದಿಗೂ ಕುಣಿಯುತ್ತಿದೆ. ಆಟವಿದ್ದ ಬಯಲಿನ ಅಂಚಿಗೆ ಹೋದರೆ ಚಹಾ, ಚುರುಮುರಿ, ಬಿಸಿ ಬಜೆ. ಬೆಳಿಗ್ಗೆ ಪೇಟೆಯ ಹೋಟೆಲಿನಲ್ಲಿ ಬಾಳೆಹಣ್ಣು ಕಲಸಿ ಕರಿದ ಬನ್ಸ್, ಜೊತೆಗೆ ಬಾಜಿ. ಮೀನು ಬೇಕೆಂದವರಿಗೆ ಬಂಗುಡೆ, ಶೆಟ್ಲಿ, ಇಸ್ವಾಣ.

ಇನ್ನು ಕುಮಟಾ. ಬೇಸಿಗೆಯಲ್ಲಿ ಅಳ್ವೆಕೋಡಿ, ಹಂದಿಗೋಣದ ಹೆದ್ದಾರಿ ಬದಿಯಲ್ಲಿ ಜಡೆ ಹೆಣೆದಂತೆ ಗೊಂಚಲು ಕಟ್ಟಿ ನೇತುಹಾಕಿದ ಸಿಹಿ ಈರುಳ್ಳಿ. ಅಘನಾಶಿನಿಯ ಬಳಚು. ಗಜನಿಯ ಉಪ್ಪುನೀರಿಗೂ ಜಗ್ಗದ ಕಗ್ಗ ಭತ್ತ. ಸಾಣಿಕಟ್ಟೆಯ ಉಪ್ಪು. ಆಲೆಮನೆ ದಿನಗಳಲ್ಲಿ ಕಬ್ಬಿನ ಹಾಲು, ಮಡಕೆಯ ಬೆನ್ನ ಮೇಲೆ ಕಾಗದದಷ್ಟು ತೆಳ್ಳಗೆ ಎಬ್ಬಿಸುವ ತೊಡದೇವು. ಹೆಸರಿನ ಬೆಲೆ ಏನೆಂದು ಕುಮಟಾಕ್ಕೆ ಯಾರೂ ಕಲಿಸಬೇಕಿಲ್ಲ. 1860ರ ದಶಕದಲ್ಲಿ, ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿನ ಹತ್ತಿ ನಿಂತಾಗ, ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಈ ಬಂದರಿನಿಂದ ಹಡಗು ಹತ್ತಿತು. ಬೆಳೆದದ್ದು ಬಯಲುಸೀಮೆಯಲ್ಲಿ. ಮುಂಬಯಿ ಪೇಟೆಯಲ್ಲಿ ಅದರ ಹೆಸರು ಮಾತ್ರ ‘ಕುಮಟಾ ಹತ್ತಿ’!

ಈಗ ಅದೇ ಹೆದ್ದಾರಿಯಲ್ಲಿ ಆಗುತ್ತಿರುವುದೇನು? ಮುರುಗಲು ಹಣ್ಣಿನ ಪಾನಕಕ್ಕೆ ‘ಕೋಕಂ ಕೂಲರ್’ ಎಂದು ಬೋರ್ಡು! ನಮ್ಮ ಜನ ಉತ್ತರ ಕನ್ನಡದಲ್ಲಿ ಮುರುಗಲು ಅಂದರು, ದಕ್ಷಿಣದಲ್ಲಿ ಪುನರ್ಪುಳಿ ಅಂದರು, ಕೊಂಕಣಿಗರು ಭಿರಂಡ ಅಂದರು. ಮೂರೂ ಈ ಮಣ್ಣಿನ ಹೆಸರುಗಳೇ. ಮೂರನ್ನೂ ಬಿಟ್ಟು ಈ ಕೂಲರ್ ಎಲ್ಲಿಂದ ಬಂತು? ಮುದ್ರಣಾಲಯ ನಡೆಸುವ ನನ್ನ ಮೇಜಿಗೆ ಹೋಟೆಲುಗಳ ಮೆನು ಕಾರ್ಡು ಬರುತ್ತಲೇ ಇರುತ್ತವೆ. ನೂರು ತಿಂಡಿಯ ಪಟ್ಟಿಯಲ್ಲಿ ಊರಿನ ತಿಂಡಿ ನಾಲ್ಕು ಇದ್ದರೆ ಹೆಚ್ಚು. ಕೇಳಿದರೆ ಸಿಗುವ ಉತ್ತರ ಒಂದೇ: ‘ಬರುವ ಹುಡುಗರು ಅದನ್ನು ಕೇಳುವುದಿಲ್ಲ ಸಾರ್.’

ಕೇಳಿಸಿತೇ? ತಪ್ಪು ಹೋಟೆಲಿನವನದ್ದಷ್ಟೇ ಅಲ್ಲ!

ಬೋರ್ಡಿನಲ್ಲಿ ಶೇಕಡಾ 60 ಕನ್ನಡ ಇರಬೇಕೆಂದು 2024ರಲ್ಲಿ ಕಾನೂನು ತಿದ್ದುಪಡಿಯಾಯಿತು. ಒಳ್ಳೆಯದೇ. ಆದರೆ ‘ಕೋಕಂ ಕೂಲರ್’ ಎಂದು ಕನ್ನಡ ಅಕ್ಷರದಲ್ಲಿ ಬರೆದರೆ ಕಾನೂನಿಗೆ ಸಮಾಧಾನವಾಗಬಹುದು, ಕನ್ನಡಕ್ಕಲ್ಲ. ಅಕ್ಷರವನ್ನು ಸರ್ಕಾರ ತರಿಸಬಹುದು. ಪದವನ್ನು ತರಿಸುವವನು ಗಿರಾಕಿ. ಅಂದರೆ ನೀವು.

ಇನ್ನೊಂದು ಮಾತು. ಆವೇಶದಲ್ಲಿ ಗೂಡಂಗಡಿಯವನ ಮೇಲೆ ಹರಿಹಾಯಬೇಡಿ. ಭಟ್ಕಳದ ಬೀದಿಯ ವ್ಯಾಪಾರಿ ಕನ್ನಡ, ಕೊಂಕಣಿ, ನವಾಯತಿ, ಉರ್ದು ನಾಲ್ಕರಲ್ಲೂ ಚಿಲ್ಲರೆ ಎಣಿಸಬಲ್ಲ. ಅವನು ಕನ್ನಡದ ವೈರಿಯಲ್ಲ, ನೆಂಟ. ಅವನ ಬದುಕೇ ಈಗ ಅಂಚಿನಲ್ಲಿದೆ. ರಾಷ್ಟ್ರೀಯ ಹೆದ್ದಾರಿ 66 ಅಗಲವಾದಂತೆ ಗೂಡಂಗಡಿಯ ಜಾಗ ಕಿರಿದಾಯಿತು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿ ಬದಿಯ ಚಹಾ ಹೋಟೆಲು, ಅದನ್ನು ನಡೆಸುತ್ತಿದ್ದ ಕುಟುಂಬದ ಸಮೇತ ಕೊಚ್ಚಿಹೋಯಿತು. ರಸ್ತೆಗಾಗಿ ಗುಡ್ಡ ಕಡಿದವರು ಬೇರೆ, ಮಣ್ಣಿನಡಿ ಸಿಕ್ಕವರು ಬೇರೆ. ದಾರಿಹೋಕರಿಗೆ ಚಹಾ ಕೊಟ್ಟ ಕೈಗಳಿಗೆ ನಾವು ಕೊಟ್ಟದ್ದೇನು?

ಬೀದಿ ವ್ಯಾಪಾರಿಗಳ ಜೀವನೋಪಾಯ ರಕ್ಷಿಸಲು 2014ರಲ್ಲೇ ಕೇಂದ್ರ ಕಾಯ್ದೆ ಬಂದಿದೆ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇಕಡಾ 40 ಮಂದಿ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಪಾಲು ಮಹಿಳೆಯರು. ಮೂರೂ ಊರುಗಳಲ್ಲಿ ಅದು ಅಕ್ಷರಶಃ ಜಾರಿಯಾಗಲಿ. ರೈಲು ನಿಲ್ದಾಣಗಳಿಗೆ 2022ರಲ್ಲಿ ‘ಒಂದು ನಿಲ್ದಾಣ, ಒಂದು ಉತ್ಪನ್ನ’ ಯೋಜನೆ ಬಂತು. ಕುಮಟಾ, ಹೊನ್ನಾವರ, ಭಟ್ಕಳ ನಿಲ್ದಾಣಗಳಲ್ಲೂ ಬಸ್ ನಿಲ್ದಾಣಗಳಲ್ಲೂ ಈರುಳ್ಳಿ ಗೊಂಚಲು, ಮುರುಗಲು, ಹಲಸಿನ ಹಪ್ಪಳಕ್ಕೆ ಖಾಯಂ ಜಾಗವಿರಲಿ. ಬೆಲೆಪಟ್ಟಿ ಊರಿನ ಹೆಸರಲ್ಲೇ ಇರಲಿ. ಇದು ಈ ಪತ್ರಿಕೆಯ ಹಕ್ಕೊತ್ತಾಯ.

ನಿಮ್ಮ ಪಾಲಿನ ಕೆಲಸ ಇನ್ನೂ ಸುಲಭ. ಮುಂದಿನ ಸಲ ಬಸ್ಸಿಳಿದಾಗ ಮೊಬೈಲು ನೋಡಿ ಹೋಟೆಲು ಹುಡುಕಬೇಡಿ. ಗೂಡಂಗಡಿಯ ಮುಂದೆ ನಿಂತು, ‘ಅಕ್ಕಾ, ಮುರುಗಲು ಪಾನಕ ಇದೆಯಾ?’ ಎಂದು ಕೇಳಿ. ಇಲ್ಲ ಅಂದರೆ ಬೇಸರ ಬೇಡ. ಹತ್ತು ಜನ ಕೇಳಿದರೆ ಹನ್ನೊಂದನೆಯವನು ಬರುವಷ್ಟರಲ್ಲಿ ಅದು ಅಲ್ಲಿರುತ್ತದೆ. ಹೆಸರು ಹಿಡಿದು ಕೇಳಿ, ಕಾಸು ಕೊಟ್ಟು ತಿನ್ನಿ, ಊರಿಗೆ ಬಂದು ಅದೇ ಹೆಸರಲ್ಲಿ ನಾಲ್ಕು ಜನಕ್ಕೆ ಹೇಳಿ.

ಕನ್ನಡ ಉಳಿಸಲು ಗಂಟಲು ಹರಿದುಕೊಂಡದ್ದು ಸಾಕಷ್ಟಾಯಿತು. ಈ ಸಲ ಸ್ವಲ್ಪ ನಾಲಿಗೆಯನ್ನೂ ಬಳಸೋಣ!