ಹಿರಿಯರ ಹಾಸಿಗೆಯ ಬಳಿ ಎಳೆಯ ದಾದಿಯರು

ಶುಶ್ರೂಷಾ ವಿದ್ಯಾರ್ಥಿಗಳನ್ನು ಮುಂದೆ ಯಾವ ವಿಭಾಗದಲ್ಲಿ ಸೇವೆ ಸಲ್ಲಿಸಲು ಇಚ್ಛಿಸುವಿರೆಂದು ಕೇಳಿದರೆ ಮಕ್ಕಳ ವಿಭಾಗ, ಶಸ್ತ್ರಚಿಕಿತ್ಸಾ ಕೊಠಡಿ, ತೀವ್ರನಿಗಾ ಘಟಕ ಎಂಬ ಉತ್ತರಗಳೇ ಹೆಚ್ಚು. ವೃದ್ಧರ ಶುಶ್ರೂಷೆಯೆಂದು ಹೇಳುವವರು ವಿರಳ. ಇದು ತುಮಕೂರಿಗೆ ಮಾತ್ರ ಸೀಮಿತವಾದ ಸಂಗತಿಯಲ್ಲ. ಅನೇಕ ದೇಶಗಳ ಅಧ್ಯಯನಗಳೂ ಇದನ್ನೇ ಹೇಳಿವೆ. ಆದರೆ 2011ರ ಜನಗಣತಿಯಲ್ಲೇ ನಮ್ಮ ದೇಶದಲ್ಲಿ ಅರವತ್ತು ದಾಟಿದವರು ಹತ್ತು ಕೋಟಿಯನ್ನು ಮೀರಿದ್ದರು. ದುಡಿಯುವ ಮಕ್ಕಳು ಬೆಂಗಳೂರು ಸೇರಿ, ಗುಬ್ಬಿ, ಕುಣಿಗಲ್ ಸೀಮೆಯ ಹಳ್ಳಿಗಳಲ್ಲಿ ಮುದಿ ತಂದೆತಾಯಿಗಳಷ್ಟೇ ಉಳಿದಿರುವ ಮನೆಗಳು ನಮ್ಮ ಓದುಗರಿಗೆ ಅಪರಿಚಿತವಲ್ಲ.

ಹದಿನೆಂಟರ ಹುಡುಗಿಯೊಬ್ಬಳು ಮೊದಲ ಬಾರಿಗೆ ತನ್ನ ತಾತನ ವಯಸ್ಸಿನ ಪರಪುರುಷನ ಮೈ ಒರೆಸಬೇಕಾಗುತ್ತದೆ, ಮಲಮೂತ್ರ ತೆಗೆಯಬೇಕಾಗುತ್ತದೆ, ಬೆನ್ನ ಹುಣ್ಣು ತೊಳೆಯಬೇಕಾಗುತ್ತದೆ. ಆಗ ಸಂಕೋಚ, ಅಸಹ್ಯ, ಭಯ ಎಲ್ಲವೂ ಒಟ್ಟಿಗೆ ಬರುತ್ತವೆ. ನೋಡಲು ಬಾರದ ಮಕ್ಕಳ ಮೇಲೆ ಸಿಟ್ಟು, ಊರಲ್ಲಿರುವ ಸ್ವಂತ ಅಜ್ಜಿಯ ನೆನಪು, ನಿನ್ನೆ ಮಾತನಾಡಿದವರ ಶವವನ್ನು ಇಂದು ತೊಳೆದು ಬಟ್ಟೆ ಸುತ್ತುವ ದುಃಖ. ಇವು ದೋಷಗಳೆಂದು ನಾವು ಭಾವಿಸುವುದಿಲ್ಲ. ವಿಷಾದದ ಸಂಗತಿಯೆಂದರೆ, ಇವುಗಳನ್ನು ಆಕೆಯಿಂದ ಕೇಳಿ ತಿಳಿಯುವವರಿಲ್ಲ. ದಾಖಲೆ ಪುಸ್ತಕ ತುಂಬಿಸಿದಳೇ ಎಂದು ಕೇಳುವವರು ಬೇಕಾದಷ್ಟಿದ್ದಾರೆ. ಹೇಳಿಕೊಳ್ಳಲಾಗದ ಅಸಹ್ಯ ಕಾಲಕ್ರಮೇಣ ಒರಟುತನವಾಗುತ್ತದೆ. ಅಳಲಾಗದ ದುಃಖ ನಿರ್ಲಿಪ್ತತೆಯಾಗುತ್ತದೆ.

ಭಾಷೆಯ ಪ್ರಶ್ನೆಯೂ ಇದೆ. ನಮ್ಮ ನಾಡಿನ ನರ್ಸಿಂಗ್ ಕಾಲೇಜುಗಳಲ್ಲಿ ಕೇರಳದಿಂದಲೂ ಈಶಾನ್ಯ ರಾಜ್ಯಗಳಿಂದಲೂ ಬಂದ ಮಕ್ಕಳು ಬಹಳ. ಅವರಲ್ಲಿ ನಮ್ಮ ಸಮುದಾಯದವರೂ ಸಾಕಷ್ಟಿದ್ದಾರೆ. ಪಠ್ಯವೆಲ್ಲ ಇಂಗ್ಲಿಷ್, ಹಾಸಿಗೆಯಲ್ಲಿರುವ ಅಜ್ಜಿಗೆ ಊರ ಕನ್ನಡವಲ್ಲದೆ ಬೇರೇನೂ ತಿಳಿಯದು. "ಎದೆ ಹಿಂಡ್ತದೆ ಕಣವ್ವ" ಎಂಬ ಮಾತು ಅರ್ಥವಾಗದಿದ್ದರೆ ಎಷ್ಟು ಕರುಣೆಯಿದ್ದರೇನು? ಇನ್ನು ಕನ್ನಡ ಬಲ್ಲವರಲ್ಲೂ ಕೆಲವರು ಎಂಬತ್ತರ ಹಿರಿಯರನ್ನು ಏಕವಚನದಲ್ಲಿ ಕರೆಯುವುದು ಪ್ರೀತಿಯ ಲಕ್ಷಣವೆಂದು ತಿಳಿದಿದ್ದಾರೆ. ಎಲ್ಲ ಹಿರಿಯರಿಗೂ ಅದು ಪ್ರೀತಿಯಾಗಿ ಕೇಳುವುದಿಲ್ಲ.

ಧೋರಣೆಯಿಂದ ಜೀವಕ್ಕೂ ಅಪಾಯವುಂಟು. ಅಮೆರಿಕದ ವೈದ್ಯ ರಾಬರ್ಟ್ ಬಟ್ಲರ್ ಅವರು ವಯಸ್ಸಿನ ಕಾರಣಕ್ಕೆ ಮಾಡುವ ತಾರತಮ್ಯಕ್ಕೆ 1969ರಲ್ಲಿ ಒಂದು ಹೆಸರನ್ನೇ ಕೊಟ್ಟರು. ವೃದ್ಧರಲ್ಲಿ ಜ್ವರವಿಲ್ಲದೆಯೇ ನ್ಯುಮೋನಿಯಾ ಬರಬಹುದು, ಎದೆನೋವಿಲ್ಲದೆಯೇ ಹೃದಯಾಘಾತವಾಗಬಹುದು, ಮೂತ್ರದ ಸೋಂಕಿನಿಂದ ಒಮ್ಮೆಲೇ ಬುದ್ಧಿ ಕಲಕಬಹುದು. ಹೀಗೆ ದಿಢೀರನೆ ಬಂದ ಕಲಕನ್ನು ಅರಳುಮರಳೆಂದು, ವಯಸ್ಸಾಯಿತಲ್ಲವೇ ಎಂದು ತಳ್ಳಿಹಾಕಿದರೆ, ಗುಣವಾಗಬಹುದಾಗಿದ್ದ ಕಾಯಿಲೆ ಪ್ರಾಣಕ್ಕೇ ಎರವಾಗುತ್ತದೆ. ನಿನ್ನೆ ಸರಿಯಾಗಿದ್ದವರು ಇಂದು ಹೀಗೇಕೆ ಎಂದು ಮೊದಲು ಗಮನಿಸಬೇಕಾದವಳು ದಾದಿಯೇ.

2019ರ ಜನವರಿ 21ರಂದು 111ರ ವಯಸ್ಸಿನಲ್ಲಿ ಲಿಂಗೈಕ್ಯರಾದ ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳ ಆರೋಗ್ಯಕ್ಕಾಗಿ ಮತಭೇದವಿಲ್ಲದೆ ಹಾರೈಸಿದ ಊರಿದು. ವೃದ್ಧಾಪ್ಯವನ್ನು ಗೌರವಿಸಲು ನಮಗೆ ಬರುವುದಿಲ್ಲವೆಂದು ಯಾರೂ ಹೇಳಲಾರರು. ಆ ಗೌರವ ಸಾಮಾನ್ಯ ವಾರ್ಡಿನಲ್ಲಿ ಜೊತೆಗಾರರಿಲ್ಲದೆ ಮಲಗಿರುವ ಹೆಸರಿಲ್ಲದ ಮುದುಕಿಗೂ ಸಲ್ಲಬೇಕಾಗಿದೆ.

ಸಂತ ಜಾನ್ ಜುಗಾನ್ ಅವರು 1839ರ ಚಳಿಗಾಲದಲ್ಲಿ ಫ್ರಾನ್ಸಿನಲ್ಲಿ ಅಂಧ ಮುದುಕಿಯೊಬ್ಬಳನ್ನು ಮನೆಗೆ ತಂದು, ತಮ್ಮ ಹಾಸಿಗೆಯನ್ನೇ ಆಕೆಗೆ ಬಿಟ್ಟುಕೊಟ್ಟರು. ಅವರು ಸ್ಥಾಪಿಸಿದ ಸಭೆಯ ಕನ್ಯಾಸ್ತ್ರೀಯರು ಬೆಂಗಳೂರಿನಲ್ಲಿಯೂ ವೃದ್ಧರ ಸೇವೆ ಮಾಡಿಕೊಂಡು ಬಂದಿದ್ದಾರೆ. ಈ ದೃಷ್ಟಾಂತವನ್ನು ವಿದ್ಯಾರ್ಥಿನಿಯರಿಗೆ ಪದೇಪದೇ ಹೇಳುವ ನಾವು, ಆಗ ಸಂತರಿಗೆ 47 ವರ್ಷವಾಗಿತ್ತೆಂಬುದನ್ನು ಹೇಳಲು ಮರೆಯುತ್ತೇವೆ. ಹದಿನೆಂಟರವಳಿಗೆ ಆ ತಾಳ್ಮೆ ಸಮವಸ್ತ್ರದೊಡನೆ ಬರುವುದಿಲ್ಲ, ಕಲಿಸಬೇಕಾಗುತ್ತದೆ.

ಸಮುದಾಯ ಆರೋಗ್ಯ ತರಬೇತಿಗೆ ವಿದ್ಯಾರ್ಥಿಗಳು ಹೇಗೂ ಹಳ್ಳಿಗಳಿಗೆ ಹೋಗುತ್ತಾರೆ. ವಾರ್ಡಿನ ಹಾಸಿಗೆಹಿಡಿದವರನ್ನು ನೋಡುವ ಮೊದಲೇ, ರಾಗಿ ಹಸನುಮಾಡುತ್ತಾ ಜಗುಲಿಯ ಮೇಲೆ ಕುಳಿತ ಗಟ್ಟಿಮುಟ್ಟಾದ ಅಜ್ಜಿಯರ ಪರಿಚಯ ಅವರಿಗಾಗಲಿ. ಮುಪ್ಪೆಂದರೆ ಬರೀ ರೋಗವಲ್ಲವೆಂದು ಕಣ್ಣಾರೆ ಕಾಣಲಿ. ಮೊದಲ ಸಾವನ್ನು ಕಂಡ ದಿನ ಅಧ್ಯಾಪಕಿಯರು ಅರ್ಧ ಗಂಟೆ ಅವರೊಡನೆ ಕುಳಿತು ಮಾತನಾಡಲಿ. ಜುಲೈ ತಿಂಗಳ ನಾಲ್ಕನೆಯ ಭಾನುವಾರ, ಜಗದ್ಗುರು ಫ್ರಾನ್ಸಿಸ್ಸರು 2021ರಲ್ಲಿ ಆರಂಭಿಸಿದ ಅಜ್ಜ-ಅಜ್ಜಿಯರ ಹಾಗೂ ಹಿರಿಯರ ದಿನದಂದು, ಪರಊರಿನ ಈ ಮಕ್ಕಳನ್ನು ನಮ್ಮ ಧರ್ಮಕೇಂದ್ರಗಳ ಹಿರಿಯರ ಮನೆಗಳಿಗೆ ಊಟಕ್ಕೆ ಕರೆಯಬಹುದು. ಕನ್ನಡವನ್ನು ಅಜ್ಜಿಯರೇ ಕಲಿಸಿಯಾರು.